ಕೌಕೊ ಫೋನಿನಲ್ಲಿ ಸುಮ್ಮನಿದ್ದದ್ದು

ಕೊಸ್ಕಿನಿಯೆಮಿ
೧೮ ಜನವರಿ ೧೯೯೬, ಗುರುವಾರ

ಪ್ರೀತಿಯ ಕೌಕೊ,

ಬಲಮೊಣಕಾಲು ಹೇಗಿದೆ? ಭಾನುವಾರ ಫೋನಿನಲ್ಲಿ ಕೇಳಿದರೆ "ಇದೆ" ಎಂದೆ. ಇದೆಯೆಂದು ನನಗೂ ಗೊತ್ತು ಮಾರಾಯ, ಮದುವೆಯಾಗಿ ಇಪ್ಪತ್ತೆರಡು ವರ್ಷದಿಂದ ಅದನ್ನು ನೋಡುತ್ತಿದ್ದೇನೆ. ಬಾವು ಇಳಿಯಿತೋ ಇಲ್ಲವೋ ಎಂಬುದು ನನ್ನ ಪ್ರಶ್ನೆ. ಅಲ್ಲಿಯ ಗೋಲ್‌ಕೀಪರ್ ಹುಡುಗರಿಗೆ ಹಾರಿ ಬಿದ್ದು ತೋರಿಸುವ ಚಪಲ ಸಾಕು, ಬಾಯಲ್ಲಿ ಹೇಳಿದರೂ ಅವರಿಗೆ ತಿಳಿಯುತ್ತದೆ. ನಾನು ಹೆಣೆದುಕೊಟ್ಟ ಉಣ್ಣೆಯ ಪಟ್ಟಿ ಕಟ್ಟಿಕೋ. ಪ್ಯಾಂಟಿನೊಳಗೆ ಯಾರಿಗೂ ಕಾಣುವುದಿಲ್ಲ, ನಾರ್ವೆಯವರ ಮುಂದೆ ನಿನ್ನ ಮಾನವೇನೂ ಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ನಿನ್ನ ಅಮ್ಮ ನನಗಿಂತ ಚೆನ್ನಾಗಿದ್ದಾರೆ. ಮೈನಸ್ ಇಪ್ಪತ್ತೆಂಟರ ಚಳಿಯಲ್ಲೂ ತಮ್ಮ ಜಾರುಬಂಡಿ ತಳ್ಳಿಕೊಂಡು ಅಂಗಡಿಗೆ ಹೋಗುತ್ತಾರೆ, ಬೇಡವೆಂದರೆ ಎರಡು ಸಲ ಹೋಗುತ್ತಾರೆ. ಇವತ್ತು ಗುರುವಾರವಲ್ಲವೇ, ಶಾಲೆಯ ಅಡುಗೆಮನೆಯಲ್ಲಿ ಬಟಾಣಿ ಸೂಪು. ಇನ್ನೂರು ಮಕ್ಕಳಿಗೆ ಬಡಿಸಿ, ದೊಡ್ಡ ಹಂಡೆ ತೊಳೆದಿಟ್ಟು, ಇಲ್ಲೇ ಕೂತು ಬರೆಯುತ್ತಿದ್ದೇನೆ. ಕಾಗದಕ್ಕೆ ಬಟಾಣಿಯ ವಾಸನೆ ಬಂದರೆ ಸಹಿಸಿಕೋ.

ಇದರ ಜೊತೆ ಒಂದು ಪೇಪರ್ ತುಣುಕು ಇಟ್ಟಿದ್ದೇನೆ. ಓದುವ ಮೊದಲು ಕುಳಿತುಕೋ. ಮಂಗಳವಾರದ ನಮ್ಮ ಊರಿನ ಪತ್ರಿಕೆ, ಮೊದಲ ಪುಟ: "ಕೌಕೊ ಹಿರ್ವೆಲಾ ನಮ್ಮ ಫುಟ್‌ಬಾಲ್ ತಂಡದ ಹೊಸ ಕೋಚ್." ಫೋಟೋ ೭೯ರದ್ದು, ಆ ಉದ್ದ ಕೂದಲು, ಆ ಮೀಸೆ. ನಿನ್ನ ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಈ ಮೀಸೆ ಬೋಳಿಸ್ಕೋ ಅಂತ ಆಗ ಬಡ್ಕೊಂಡೆ, ಈಗ ಊರೆಲ್ಲಾ ನೋಡೋ ಹಾಗಾಯ್ತು" ಎಂದರು. ಆಮೇಲೆ ಆ ಪುಟವನ್ನು ಯಾರಿಗೂ ಕೊಡದೆ ಮಡಚಿ ಬೈಬಲಿನೊಳಗೆ ಇಟ್ಟುಕೊಂಡರು. ನಿನಗೆ ಕಳಿಸಿರುವುದು ಪಕ್ಕದ ಮನೆಯಿಂದ ಬೇಡಿ ತಂದದ್ದು.

"ನಾನೆಲ್ಲಿ ಒಪ್ಪಿದೆ" ಎಂದು ನೀನು ಕೇಳುತ್ತೀ. ಒಪ್ಪಲಿಲ್ಲ, ಸುಮ್ಮನಿದ್ದೆ. ನಮ್ಮ ಓಸ್ಮೊ ಕ್ಲಬ್ಬಿನ ಅಧ್ಯಕ್ಷನಾದರೂ ಹಿಮ ತಳ್ಳುವ ಗಾಡಿ ಓಡಿಸುವವನು, ಅವನಿಗೆ ಮಾತು ಎಂದರೆ ನಿನ್ನಷ್ಟೇ ಕಷ್ಟ. ಡಿಸೆಂಬರಿನಲ್ಲಿ ನೀನು ಮನೆಯಲ್ಲಿದ್ದಾಗ ಮೂರು ಸಲ ಬಂದು, ಕಾಫಿ ಕುಡಿದು, ಈ ಸಲದ ಹಿಮ ಒದ್ದೆ ಹಿಮ ಎಂದು ಹೇಳಿ ಎದ್ದುಹೋದನಲ್ಲ, ಮೂರು ಸಲವೂ ಇದನ್ನು ಕೇಳಲೆಂದೇ ಬಂದಿದ್ದನಂತೆ. ನೀನು ನಾರ್ವೆಗೆ ಮರಳಿದ ಮೇಲೆ ಕೊನೆಗೂ ಧೈರ್ಯ ಮಾಡಿ ಶನಿವಾರ ಫೋನ್ ಮಾಡಿದ. ಅವನು ಕೇಳಿದ, ನೀನು ಒಂದು ನಿಮಿಷ ಉಸಿರೆತ್ತದೆ ಇದ್ದು, "ಇಲ್ಲೂ ಚಳಿ ಜಾಸ್ತಿ" ಎಂದು ಫೋನ್ ಇಟ್ಟುಬಿಟ್ಟೆ. ಈಗ ಅವನು ಊರೆಲ್ಲ ಹೇಳಿಕೊಂಡು ಬಂದಿದ್ದಾನೆ: "ಬೇಡ ಅನ್ನೋನು ಆಗಲೇ ಬೇಡ ಅಂತಿದ್ದ. ಸುಮ್ನಿದ್ದ ಅಂದ್ರೆ ಬರ್ತಾನೆ." ಈ ಲೆಕ್ಕಾಚಾರ ನಮ್ಮ ಊರಿನಲ್ಲಿ ಎಲ್ಲರಿಗೂ ಸರಿಯಾಗಿಯೇ ಕಂಡಿದೆ. ನಿನ್ನೆ ಸಂಜೆ ಹನ್ನೆರಡು ಗಂಡಸರು ಸಲಿಕೆ ಹಿಡಿದು ಬಂದು ನಮ್ಮ ಅಂಗಳದ ಹಿಮವನ್ನೆಲ್ಲ ತೆಗೆದರು. ಯಾಕ್ರಪ್ಪಾ ಎಂದರೆ, "ಹೀಗೇ ದಾರೀಲಿ ಹೋಗ್ತಿದ್ವಿ" ಎಂದರು. ನಮ್ಮದು ದಾರಿಯ ಕೊನೆಯ ಮನೆ ಕೌಕೊ, ಆಚೆ ಬರೀ ಕೆರೆ. ಏಲಕ್ಕಿ ಬನ್ನು ಬೇಯಿಸಿ ಕೊಟ್ಟೆ, ಒಂದೂ ಉಳಿಯಲಿಲ್ಲ.

ನೀನು ಯಾಕೆ ಸುಮ್ಮನಿದ್ದೆ ಎಂದು ನನಗೆ ಗೊತ್ತು. ಆ ದಿನದ ಮಾತನ್ನು ನಾವಿಬ್ಬರೂ ಹನ್ನೊಂದು ವರ್ಷದಿಂದ ಎತ್ತಿಲ್ಲ. ಇವತ್ತು ಎತ್ತುತ್ತೇನೆ, ಪತ್ರವಾದರೆ ನೀನು ನಡುವೆ ಎದ್ದು ಸೌದೆ ಒಡೆಯಲು ಹೋಗುವಂತಿಲ್ಲ. ಹದಿನೇಳನೆಯ ವಯಸ್ಸಿಗೆ ಗೋಲಿನಲ್ಲಿ ನಿಂತವನು ನೀನು. ಸ್ವೀಡನ್ನಿನ ಎರಡು ವರ್ಷ ಬಿಟ್ಟರೆ ಎಲ್ಲ ಬೇಸಿಗೆಯನ್ನೂ ಈ ಊರಿನ ಆ ಎರಡು ಕಂಬಗಳ ನಡುವೆ ಕಳೆದೆ. ಒಮ್ಮೆ ರಾಷ್ಟ್ರೀಯ ತಂಡದ ಬೆಂಚಿನ ಮೇಲೆ ತೊಂಬತ್ತು ನಿಮಿಷ ಕೈಗವಸು ಬಿಚ್ಚದೆ ಕೂತೆ, ಕರೆಯಲಿಲ್ಲ, ಅದಕ್ಕೂ ಬೇಸರಿಸಲಿಲ್ಲ. ೮೪ರ ಅಕ್ಟೋಬರಿನ ಕೊನೆಯ ಪಂದ್ಯದಲ್ಲಿ ಮಾತ್ರ, ಡ್ರಾ ಆದರೂ ಸಾಕಿದ್ದಾಗ, ಹೆಪ್ಪುಗಟ್ಟಿದ ನೆಲದಲ್ಲಿ ಒಂದು ಬಡಪಾಯಿ ಚೆಂಡು ಪುಟಿದು ನಿನ್ನ ತೋಳಿನ ಕೆಳಗೆ ನುಸುಳಿತು. ತಂಡ ಕೆಳಗಿನ ದರ್ಜೆಗೆ ಬಿತ್ತು. ಯಾರೂ ನಿನಗೆ ಒಂದು ಮಾತೂ ಅನ್ನಲಿಲ್ಲ. ಆ ದಿನವೂ ಅನ್ನಲಿಲ್ಲ, ಆ ಚಳಿಗಾಲವಿಡೀ ಅನ್ನಲಿಲ್ಲ. ವಸಂತ ಬರುವ ಹೊತ್ತಿಗೆ ನೀನು ಬೇರೆ ಊರಿನ ಗೋಲ್‌ಕೀಪರುಗಳಿಗೆ ಪಾಠ ಹೇಳಲು ಹೊರಟಿದ್ದೆ. ಇಲ್ಲಿಯ ಮೈದಾನದ ಬೇಲಿಯೊಳಗೆ ಮತ್ತೆ ಕಾಲಿಡಲಿಲ್ಲ.

ಶನಿವಾರ ನಿನಗೆ ಫೋನ್ ಮಾಡಿದ ಮೇಲೆ ಓಸ್ಮೊ ಮನೆಗೆ ಬಂದಿದ್ದ. ಆ ಪಂದ್ಯದಲ್ಲಿ ಅವನೂ ಡಿಫೆನ್ಸಿನಲ್ಲಿ ನಿನ್ನ ಮುಂದೆಯೇ ಇದ್ದನಲ್ಲ. ನಾನು ನೇರವಾಗಿ ಕೇಳಿದೆ, ಅವತ್ತು ಒಬ್ಬರಾದರೂ ಕೌಕೊಗೆ ಒಂದು ಮಾತು ಹೇಳಬಾರದಿತ್ತೇ ಎಂದು. ಅವನು ಕಣ್ಣು ಕಣ್ಣು ಬಿಟ್ಟ. "ಏನ್ ಹೇಳೋದು ಇರ್ಮೆಲಿ? ನೊಂದಿರೋನ ಹತ್ರ ಮಾತಾಡಿ ಇನ್ನೂ ನೋಯಿಸ್ಬೇಕಿತ್ತಾ? ಪಂದ್ಯ ಮುಗಿದ್ಮೇಲೆ ಸೌನಾದ ಬಿಸಿ ಹಬೇಲಿ ಅವನ ಪಕ್ಕಾನೇ ಕೂತಿದ್ದೆ. ಬೆನ್ನು ತಿಕ್ಕಿದೆ. ಅದಕ್ಕಿಂತ ಇನ್ನೇನು ಹೇಳ್ಬೇಕಿತ್ತು?" ಎಂದ. ಕೇಳಿ ನನಗೆ ನಗು ಬಂತು, ಅಳುವೂ ಬಂತು. ಅವರೆಲ್ಲ ನಿನ್ನ ಮೇಲಿನ ಮರುಕಕ್ಕೆ ಬಾಯಿ ಮುಚ್ಚಿಕೊಂಡಿದ್ದರು, ನೀನು ಅದನ್ನು ಶಿಕ್ಷೆ ಎಂದುಕೊಂಡು ಹನ್ನೊಂದು ವರ್ಷ ಹೊತ್ತೆ. ಎಂಥ ಜನ ನಾವು! ಬೆನ್ನು ತಿಕ್ಕಿದ್ದಾದರೂ ನಿನಗೆ ನೆನಪಿದೆಯೋ ಇಲ್ಲವೋ.

ಇನ್ನೊಂದು ಹೇಳಬೇಕು. ನಿನ್ನ ನಾರ್ವೆಯ ಶಿಷ್ಯ ಶೆಟಿಲ್ ಕ್ರಿಸ್‌ಮಸ್‌ಗೆ ಕಳಿಸಿದ ಕಾರ್ಡನ್ನು ನಾನು ಓದಿದೆ, ನೀನು ಅಡಗಿಸಿಟ್ಟದ್ದು ಗೂಡಿನಲ್ಲಿ ಸಿಕ್ಕಿತು. "ನಾನು ಗೋಲು ಬಿಟ್ಟಾಗಲೆಲ್ಲ ಮೊದಲು ಬಂದು ಮಾತಾಡಿಸಿದವರು ನೀವು" ಎಂದು ಬರೆದಿದ್ದಾನೆ. ಮಾತಾಡಿಸುತ್ತೀಯಾ? ನೀನಾ? ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ಆಮೇಲೆ ಹೆಮ್ಮೆಯಾಯಿತು. ಆರು ವರ್ಷದಿಂದ ಪರದೇಶದ ಹುಡುಗರಿಗೆ ಕೊಡುತ್ತಿರುವ ಆ ಮಾತನ್ನು ನಮ್ಮ ಊರಿಗೆ ಕೊಡಬಾರದೇ? ಆ ಮಾತಿನ ಅಗತ್ಯ ಇಲ್ಲಿಗಿಂತ ಹೆಚ್ಚು ಇನ್ನೆಲ್ಲೂ ಇಲ್ಲ.

ತಿಂಗಳ ಕೊನೆಯೊಳಗೆ ಅಲ್ಲಿ ಇನ್ನೆರಡು ವರ್ಷಕ್ಕೆ ಸಹಿ ಹಾಕಬೇಕು ಎಂದು ನೀನೇ ಹೇಳಿದ್ದೆ. ಹಾಕಿದರೆ ನಾನು ಮುನಿಸಿಕೊಳ್ಳುವುದಿಲ್ಲ, ನವೆಂಬರ್ ಡಿಸೆಂಬರಿನಲ್ಲಷ್ಟೇ ಮನೆಗೆ ಬರುವ ಗಂಡನ ಜೊತೆ ಬಾಳಿ ಅಭ್ಯಾಸವಾಗಿದೆ. ಆದರೆ ನಿನ್ನನ್ನು ಜೂನ್ ತಿಂಗಳಲ್ಲಿ, ಬೆಳಕಿನಲ್ಲಿ, ನಮ್ಮ ಕೆರೆಯ ಕಟ್ಟೆಯ ಮೇಲೆ ಕೂತಿರುವುದನ್ನು ನೋಡಿ ಆರು ವರ್ಷವಾಯಿತು. ನನಗೆ ಅದು ಬೇಕು. ಇಷ್ಟು ಬಾಯಿಬಿಟ್ಟು ಇದುವರೆಗೆ ಹೇಳಿರಲಿಲ್ಲ, ತಪ್ಪು ನನ್ನದೂ ಇದೆ.

ಅಮ್ಮ ನೆನಪು ಹೇಳಿದ್ದಾರೆ, ಕಾಲುಚೀಲ ಎರಡು ಜೊತೆ ಹಾಕಿಕೊಳ್ಳಬೇಕಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಮೈ ಹುಷಾರು.

ನಿನ್ನವಳೇ ಆದ
ಇರ್ಮೆಲಿ

ವಿ.ಸೂ.: ಅಂಚೆಗಾಡಿ ಬಂದು ನಿಂತಿದೆ, ಬೇಗ ಬರೆದುಬಿಡುತ್ತೇನೆ. ಓಸ್ಮೊ ಪೆದ್ದನಲ್ಲ. ಶನಿವಾರ ಅವನು ಬಂದದ್ದೇ ನನ್ನನ್ನು ಕೇಳಲು. ಬಾಗಿಲಲ್ಲಿ ಟೊಪ್ಪಿ ತೆಗೆದು ನಿಂತು, "ಒಂದು ನಿಮಿಷ ಸುಮ್ನಿದ್ದ. ನೀನು ಹೆಂಡ್ತಿ, ನಿಂಗೆ ಗೊತ್ತಿರುತ್ತೆ. ಹೂಂ ಅಂತಲೋ, ಉಹೂಂ ಅಂತಲೋ?" ಎಂದ. ಉಹೂಂ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ "ಹೂಂ ಅಂತ" ಎಂದು ಹೇಳಿದೆ. ಇಷ್ಟು ವರ್ಷ ನಿನ್ನ ಮೌನಕ್ಕೆ ಸರಿಯಾದ ಅರ್ಥವನ್ನೇ ಊರಿಗೆ ಹೇಳುತ್ತ ಬಂದೆ, ಈ ಒಂದು ಸಲ ನನಗೆ ಬೇಕಾದ ಅರ್ಥ ಹೇಳಿಬಿಟ್ಟೆ. ಬೈಯುವುದಿದ್ದರೆ ಫೋನಿನಲ್ಲಿ ಬೇಡ ಕೌಕೊ. ಮನೆಗೆ ಬಂದು, ನನ್ನ ಎದುರು ನಿಂತು, ಗಟ್ಟಿಯಾಗಿ ಬೈ.