ಹತ್ತು ಆಳು ಬೇಕು

ಬಸವಕಲ್ಯಾಣ
ಆಗಸ್ಟ್ 6

ಹುಮನಾಬಾದಿನ ನಾಗನಾಥ ಅವರಿಗೆ ನಮಸ್ಕಾರ.

ಕೂಲಿಯಾಳುಗಳಿಗೆ ಕೆಲಸ ಕೊಡಿಸುವ ನಿಮ್ಮ ಆ್ಯಪ್ ನಮ್ಮದರ ನಕಲು ಎಂದು ಆ್ಯಪ್ ಸ್ಟೋರ್‌ನವರಿಗೆ ದೂರು ಕೊಟ್ಟವಳು ನಾನೇ. ನಕಲಲ್ಲವೆಂದು ಆಗಲೂ ಗೊತ್ತಿತ್ತು. ನಿಮಗೆ ಅವರ ಒಪ್ಪಿಗೆ ಸಿಗದೆ ನಿಂತಿರುವುದು ಅದರಿಂದಲೇ. ಇಂದು ದೂರನ್ನು ಹಿಂದಕ್ಕೆ ಪಡೆದಿದ್ದೇನೆ.

ನಿಮಗಿಂತ ಮೊದಲು ಒಪ್ಪಿಗೆ ಸಿಗಲಿ ಎಂಬ ಅವಸರದಲ್ಲಿ ನಾನು ಸ್ಟೋರ್‌ನವರ ಪರೀಕ್ಷೆಗೆಂದು ಸುಳ್ಳು ನಂಬರುಗಳ ಬೇರೆ ಪಟ್ಟಿ ಮಾಡಲಿಲ್ಲ. ನಮ್ಮೂರು ದುಬಲಗುಂಡಿಯ ಹತ್ತು ಹೆಣ್ಣುಮಕ್ಕಳ ನಿಜವಾದ ನಂಬರುಗಳನ್ನೇ ಇಟ್ಟು ಕಳಿಸಿದೆ. ಎಲ್ಲೋ ಕುಳಿತು ಆ್ಯಪ್ ಪರಿಶೀಲಿಸುವವರು ಗುಂಡಿ ಒತ್ತಿ ನೋಡಿದರು: ಕಳೆ ತೆಗೆಯಲು ಹತ್ತು ಆಳು ಬೇಕು, ನಾಳೆ ಬೆಳಿಗ್ಗೆ ಏಳು ಗಂಟೆಗೆ. ಆ ಸಂದೇಶ ನೇರ ಆ ಹೆಣ್ಣುಮಕ್ಕಳ ಫೋನುಗಳಿಗೇ ಹೋಯಿತು. ಮರುದಿನ ಹತ್ತೂ ಜನ ರೊಟ್ಟಿ ಕಟ್ಟಿಕೊಂಡು ಬಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತರು. ಹೊಲವೇ ಇಲ್ಲದ ಮೇಲೆ ಕರೆದೊಯ್ಯಲು ಯಾರು ಬರಬೇಕು?

ಒಂಬತ್ತಕ್ಕೆ ಆ ದಾರಿಯಲ್ಲಿ ಬಂದದ್ದು ನಿಮ್ಮ ಟಂಟಂ ಗಾಡಿ. ಅವರಲ್ಲೊಬ್ಬಳು ಫೋನು ತೋರಿಸಿ, "ಈ ಆ್ಯಪಿನವರು ನೀವೇ ಏನ್ರಿ?" ಎಂದು ಕೇಳಿದಳಂತೆ. ತೆರೆಯ ಮೇಲೆ ನಮ್ಮ ಆ್ಯಪಿನ ಹೆಸರು ನೋಡಿಯೂ ನೀವು, "ಹೌದ್ರಿ, ಜರಾ ತಡ ಆತು, ಹತ್ರಿ" ಎಂದು ನಿಮ್ಮ ಸೋಯಾ ಹೊಲಕ್ಕೆ ಕರೆದೊಯ್ದಿರಿ.

ಕೇಳಿದವಳು ಯಶೋದಾಬಾಯಿ, ನನ್ನ ಅವ್ವ. ಸಂಜೆ ಫೋನ್ ಮಾಡಿ, ಕರೆದೊಯ್ದವರೆಂದು ನಿಮ್ಮ ಹೆಸರು ಹೇಳಿ, "ನಿನ್ನ ಆ್ಯಪ್ ಖರೇನೇ ಕೆಲಸ ಕೊಡ್ತದ ನೋಡವ್ವಾ" ಎಂದಳು. ನಾನು ಹೂಂ ಎಂದೆ.

ನೀವು ಆ್ಯಪನ್ನು ಮತ್ತೆ ಕಳಿಸುವಾಗ ಪರೀಕ್ಷೆಗೆ ಸುಳ್ಳು ನಂಬರುಗಳನ್ನೇ ಇಡಿ. ಒಪ್ಪಿಗೆ ಬಂದ ದಿನ ನನಗೆ ತಿಳಿಸಿ. ಊರಿಗೆ ಹೋಗಿ ಅವ್ವನಿಗೆ ನಿಜ ಹೇಳಬೇಕು, ಅವಳ ಫೋನಿಗೆ ನಿಮ್ಮ ಆ್ಯಪನ್ನೂ ಹಾಕಿಕೊಡಬೇಕು.

ಇತಿ,
ಮಯೂರಿ