ನಾನು ತ್ಯಾಗ ಮಾಡಿದ ಖಾತೆ

ಅಂಕಲಿ
೧೮ ಸಪ್ಟೆಂಬರ್ ೨೦೧೬, ಭಾನುವಾರ

ಪ್ರೀತಿಯ ನೀಲಮ,

ಉತ್ತಮ ಕ್ಷಮಾ! ಹೋದ ವರ್ಷ ಈ ಮಾತನ್ನು ಫೋನಿನಲ್ಲಿ ನಗುತ್ತ ಹೇಳಿ ಮುಗಿಸಿದ್ದೆ. ಈ ಸಲ ಕಾಗದದಲ್ಲೇ ಬರೆಯಬೇಕೆಂದು ಅಜ್ಜಿ ಎದುರಿಗೇ ಕೂತಿದ್ದಾಳೆ. ನಮ್ಮ ಜೈನರ ಹತ್ತು ದಿನದ ಪರ್ವ ಮುಗಿದ ಮೇಲೆ ಅವಳು ಬೀಗರು ನೆಂಟರಿಗೆಲ್ಲ ಕಾರ್ಡು ಬರೆದು ಕ್ಷಮೆ ಕೇಳುತ್ತಾಳೆ. ನನ್ನ ತಪ್ಪು ಕಾರ್ಡಿನಲ್ಲಿ ಹಿಡಿಸುವಂಥದ್ದಲ್ಲ, ಅದಕ್ಕೇ ಈ ಹಾಳೆ.

ನಿನ್ನೆ ನಿಪ್ಪಾಣಿಯ ನಿಮ್ಮ ಮನೆಯ ಬಾಗಿಲಲ್ಲಿ ನಿಂತು, ಪ್ರಾಜೆಕ್ಟ್ ಅಳಿಸಿಹೋಯಿತು, ತಪ್ಪಾಯಿತು ಎಂದು ಅತ್ತೆನಲ್ಲ, ಹೇಗೆ ಅಳಿಸಿತು ಎಂದು ನೀನು ಕೇಳಲೇ ಇಲ್ಲ. ಈಗ ಕೇಳು.

ಪರ್ವದ ತ್ಯಾಗಧರ್ಮದ ದಿನ ಬಸದಿಯಲ್ಲಿ ಪಂಡಿತರು ಒಬ್ಬೊಬ್ಬರನ್ನೇ ಎಬ್ಬಿಸಿ ಏನು ಬಿಡುತ್ತೀರಿ ಎಂದು ಕೇಳಿದರು. ಅಜ್ಜಿ ಚಹಾ ಬಿಟ್ಟಳು. ಪಕ್ಕದವರು ಬೆಲ್ಲ ಬಿಟ್ಟರು. ನನಗೋ ಎಲ್ಲರ ಮುಂದೆ ಏನಾದರೂ ದೊಡ್ಡದು ಹೇಳುವ ಹುಕಿ ಬಂತು. ನನ್ನ ಇಂಟರ್‌ನೆಟ್ ಖಾತೆಯನ್ನೇ, ಮೇಲ್ ಸಮೇತ, ಬಿಟ್ಟೆ ಎಂದೆ. ಮನೆಗೆ ಬಂದವಳೇ ಫೋನಿನಲ್ಲಿ ಅಳಿಸಿದೆ. ಖಂಡಿತವೇ ಎಂದು ಅದು ಎರಡು ಸಲ ಕೇಳಿತು, ಎರಡು ಸಲವೂ ಹೌದು ಎಂದೆ. ನಮ್ಮ ಕೋಡೆಲ್ಲ, ಇಬ್ಬರೂ ತೆರೆಯುವ ಹಾಗೆ, ಆ ಖಾತೆಯಲ್ಲೇ ಇತ್ತೆಂದು ಹೊಳೆದದ್ದು ಮರುದಿನ ಹಲ್ಲುಜ್ಜುವಾಗ!

ಹೊತ್ತು ಮುಳುಗುವ ಮೊದಲೇ ಉಣ್ಣುವ ನಮ್ಮಂಥವರಿಗೆಂದು ಊರೂರಿನ ಸೂರ್ಯಾಸ್ತದ ವೇಳೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ತೋರಿಸುವ ಪ್ರೋಗ್ರಾಮು, ಇಬ್ಬರ ಎಂಟು ತಿಂಗಳ ದುಡಿಮೆ, ಬರುವ ಶನಿವಾರ ಚಿಕ್ಕೋಡಿ ಕಾಲೇಜಿನಲ್ಲಿ ತೋರಿಸಬೇಕಾದದ್ದು, ಒಂದೇ ಏಟಿಗೆ ಹೋಯಿತು. ಅಳಿಸಿದ್ದು ಮರಳಿ ಬರುವುದಿಲ್ಲ ಎಂದು ಕಂಪನಿಯವರು ಉತ್ತರಿಸಿದರು. ಲ್ಯಾಬಿನ ಕಂಪ್ಯೂಟರುಗಳನ್ನು ವಾರಕ್ಕೊಮ್ಮೆ ಖಾಲಿ ಮಾಡುತ್ತಾರೆ, ಅಲ್ಲೂ ಏನಿಲ್ಲ.

ಎರಡು ದಿನ ನಾನು ಅನ್ನ ಮುಟ್ಟಲಿಲ್ಲ. ಮಜಾ ನೋಡು, ಓಣಿಯವರೆಲ್ಲ ನಾನು ಉಪವಾಸ ಹಿಡಿದಿದ್ದೇನೆ ಎಂದುಕೊಂಡರು! “ನಮ್ಮ ಸ್ನೇಹಲ ಯಾರಿಗೂ ಹೇಳದ ಉಪಾಸ ಮಾಡಾಕತ್ತಾಳ್ರಿ” ಎಂದು ಅಜ್ಜಿ ಮನೆಮನೆಗೆ ಹೇಳಿಬಂದಳು. ಮೂರನೆಯ ದಿನ ಹೆಂಗಸರು ಹಾಡು ಹೇಳುತ್ತ ಬಂದು, ನನ್ನನ್ನು ಮಣೆಯ ಮೇಲೆ ಕೂರಿಸಿ, ಉಪವಾಸ ಬಿಡಿಸುವ ಪಾರಣೆ ನಡೆಸಿದರು. ಹೆಸರುಕಾಳಿನ ನೀರು ಕುಡಿಯುತ್ತ ನಾನು ಗೊಳೋ ಎಂದು ಅತ್ತೆ. ಎಂಥ ಭಕ್ತಿ ಎಂದು ಅವರೂ ಕಣ್ಣೊರೆಸಿಕೊಂಡರು.

ಅವರು ಹೋದ ಮೇಲೆ ಅಜ್ಜಿಗೆ ನಿಜ ಹೇಳಿದೆ. ನೀಲಮಳ ಹತ್ತಿರ ಒಂದು ನಕಲು ಇರಬೇಕಲ್ಲ ಎಂದಳು. ಇರಬಹುದು, ಆದರೆ ಯಾವ ಮುಖ ಹೊತ್ತು ಹೋಗಲಿ ಎಂದೆ. “ನಾಳೆ ಕ್ಷಮಾವಾಣಿ ಐತಿ, ಕ್ಷಮಾ ಕೇಳೋ ದಿನ. ಇದ್ದ ಮುಖಾನ ಹೊತಗೊಂಡು ಹೋಗ” ಎಂದಳು.

ಬಂದೆ. ನೀನು ನೇರ ಒಳಗೆ ಹೋಗಿ ಕಂಪ್ಯೂಟರು ಹಚ್ಚಿದೆ. ನಿಪ್ಪಾಣಿ, ೬:೨೯ ಎಂದು ಪರದೆಯ ಮೇಲೆ ಬಂದದ್ದೊಂದೇ ನನ್ನ ಕಣ್ಣೀರಿನಲ್ಲಿ ಕಂಡದ್ದು. ನಿಮ್ಮ ಅವ್ವ ಅದನ್ನು ನೋಡಿ, ಗಡಿಯಾರ ನೋಡಿ, “ಇನ್ನ ಇಪ್ಪತ್ತ ಮಿಂಟ ಐತಿ, ಲಗೂನ ಉಣ್ಣವಾ, ಉಳ್ಳಾಗಡ್ಡಿ ಹಾಕಿಲ್ಲ” ಎಂದು ತಾಟು ಇಟ್ಟರು. ಅಂಥ ರುಚಿಯ ಜೋಳದ ಭಕ್ರಿ ನಾನು ಜನ್ಮದಲ್ಲಿ ತಿಂದಿಲ್ಲ. ನೀನು ಪ್ರತಿ ಹಾಕಿಕೊಟ್ಟ ಪೆನ್‌ಡ್ರೈವ್ ಮುಷ್ಟಿಯಲ್ಲಿ ಹಿಡಿದು ಬಸ್ಸಿನ ತುಂಬ ಒಬ್ಬಳೇ ನಗುತ್ತ ಬಂದೆ.

ಈಗ ತಪ್ಪು. ಜುಲೈಯಲ್ಲಿ ಸರ್ ನಿನ್ನ ಮರಾಠಿ ಭಾಗವನ್ನು ಹೊಗಳಿದಾಗ ನನಗೆ ಹೊಟ್ಟೆ ಉರಿಯಿತು. ನಿನ್ನ ಜೊತೆ ಮಾತು ಬಿಟ್ಟೆ. ಅಷ್ಟಕ್ಕೂ ನಿಲ್ಲದೆ ಆಗಸ್ಟಿನಲ್ಲಿ ಮೊದಲ ಪುಟದಿಂದ ನಿನ್ನ ಹೆಸರನ್ನೇ ತೆಗೆದುಹಾಕಿದೆ. ನಾಚಿಕೆಯಾಗುತ್ತದೆ ಕಣೇ. ನೀನು ಕೊಟ್ಟದ್ದು ನಾನು ಮಾತು ಬಿಡುವ ಮುಂಚಿನ ಜುಲೈಯ ಪ್ರತಿಯೇ ಇರಬೇಕು, ಅದರಲ್ಲಿ ನಿನ್ನ ಹೆಸರು ಇದ್ದೇ ಇರುತ್ತದೆ. ಅದನ್ನು ನನ್ನದಕ್ಕಿಂತ ಮೇಲೆ ಇಡುತ್ತೇನೆ. ಆಮೇಲಿನ ಎರಡು ತಿಂಗಳ ಕೆಲಸವನ್ನು ಶನಿವಾರದೊಳಗೆ ಹೇಗಾದರೂ ಮತ್ತೆ ಬರೆಯುತ್ತೇನೆ. ಅವತ್ತು ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ, ಬಾ. ಅಜ್ಜಿಯೂ ಬರುತ್ತಾಳಂತೆ.

ನಿನ್ನವಳೇ ಆದ
ಸ್ನೇಹಲ

ತಾ.ಕ.: ಸೋಮವಾರ. ಕಾಗದ ಡಬ್ಬಿಗೆ ಹಾಕುವ ಮೊದಲು ಲ್ಯಾಬಿನಲ್ಲಿ ಪೆನ್‌ಡ್ರೈವ್ ತೆರೆದೆ. ಜುಲೈಯದಲ್ಲ ಅದು, ಸಪ್ಟೆಂಬರ್ ಹನ್ನೆರಡರದು, ನಾನು ಖಾತೆ ಅಳಿಸಿದ ಹಿಂದಿನ ದಿನದ್ದು! ಎಲ್ಲ ಇದೆ, ಒಂದು ಸಾಲೂ ಹೋಗಿಲ್ಲ. ಅಂದರೆ ಮಾತು ಬಿಟ್ಟ ಮೇಲೂ ನಾನು ಬರೆದದ್ದನ್ನೆಲ್ಲ ನೀನು ಇಳಿಸಿಕೊಳ್ಳುತ್ತಿದ್ದೆ. ನಿನ್ನ ಹೆಸರಿಲ್ಲದ ಪುಟವನ್ನೂ ನೋಡಿದ್ದೆ. ಎಲ್ಲ ಗೊತ್ತಿದ್ದೂ ನನ್ನ ತಾಟಿಗೆ ತುಪ್ಪ ಹಾಕಿದೆ, ಕಳ್ಳಿ! ಹಾಗಾದರೆ ನಾನೂ ಹೇಳಿಬಿಡುತ್ತೇನೆ. ಆ ಖಾತೆ ಬಿಟ್ಟದ್ದು ಪುಣ್ಯಕ್ಕಲ್ಲ. ನಿನ್ನಿಂದ ಒಂದು ಮೇಲ್ ಬಂದೀತೆಂದು ದಿನಾ ಸಂಜೆ ತೆರೆದು ನೋಡಿ ನೋಡಿ ಸಾಕಾಗಿತ್ತು. ನೀನೂ ದಿನಾ ಅಲ್ಲಿಗೇ ಬಂದು ಹೋಗುತ್ತಿದ್ದೆ ಎಂದು ಗೊತ್ತಿದ್ದರೆ, ಅಜ್ಜಿಯ ಹಾಗೆ ಚಹಾ ಬಿಡುತ್ತಿದ್ದೆ.