ಬಾಯಿ ಮುಚ್ಚಿ ಒತ್ತಿ

ಮಾರ್ಚ್ ೧೪

ಪ್ರೀತಿಯ ಪುಟ್ಟಿ,

ಹೇಗಿದ್ದೀಯೇ? ಮಕ್ಕಳ ನೆಗಡಿ ವಾಸಿಯಾಯ್ತಾ? ನಿನ್ನ ಕಾಗದ ಬಂದು ಎಷ್ಟು ದಿನವಾಯ್ತೋ, ಈಗ ಪುರುಸೊತ್ತು ಸಿಕ್ಕಿತು ನೋಡು. ಬೈಯಬೇಕು ಅನ್ನಿಸಿದರೆ ಬೈದುಬಿಡು, ಇಲ್ಲಿಗೆ ಕೇಳಿಸಲ್ಲ.

ನಿಮ್ಮ ಭಾವನ ಬಲಗೈ ಸುಧಾರಿಸಿಲ್ಲ. ದಿನವಿಡೀ ಕೈ ಎತ್ತಿಕೊಂಡೇ ಊರಿನವರ ಕೂದಲು ಕತ್ತರಿಸೋರು, ಇನ್ನೇನಾಗತ್ತೆ. "ಸ್ನಾಯು ಗಂಟು ಕಟ್ಟಿದೆ, ಟ್ರಿಗರ್ ಪಾಯಿಂಟ್ ಅಂತಾರೆ, ಗೊತ್ತಿರೋರ ಕೈಲಿ ಒತ್ತಿಸಿಕೊಳ್ಳಿ" ಅಂತ ಡಾಕ್ಟರು ಕಳಿಸಿಬಿಟ್ಟರು. ಗೊತ್ತಿರೋರು ಎಲ್ಲಿ ಸಿಗ್ತಾರೆ ಅಂತ ಮಾತ್ರ ಹೇಳಲಿಲ್ಲ ಪುಣ್ಯಾತ್ಮ. ಕತ್ತರಿ ಕೈಜಾರೋಕೆ ಶುರುವಾದ ಮೇಲೆ ಶೇವಿಂಗ್ ಬಿಟ್ಟಿದ್ದಾರೆ. ಆ ಕೈ ಹೋದರೆ ಅಂಗಡಿ ಹೋಯ್ತು, ಅಂಗಡಿ ಹೋದರೆ ಈ ಮನುಷ್ಯ ಉಳಿಯಲ್ಲ. ಅದಕ್ಕೇ ನಾನೇ ಕಲಿತುಬಿಡ್ತೀನಿ ಅಂತ ಹೊರಟೆ.

ಕಲಿಯೋಕೆ ಬಿಟ್ಟರೆ ತಾನೇ! ಫಿಸಿಯೋಥೆರಪಿ ಕಾಲೇಜಿನಲ್ಲಿ, "ಡಿಗ್ರಿ ಇಲ್ಲದವರಿಗೆ ಇಲ್ಲ ಅಮ್ಮಾ" ಅಂದರು. ಬೇಕರಿಯಲ್ಲಿ ಹಿಟ್ಟು ನಾದೋಳಿಗೆ ಯಾವ ಡಿಗ್ರಿ? ಇನ್ನೊಬ್ಬ ಫೋನಿನಲ್ಲೇ ಕಲಿಸ್ತೀನಿ, ವಿಡಿಯೋ ನೋಡಿ ಸರ್ಟಿಫಿಕೇಟ್ ತಗೊಳ್ಳಿ ಅಂದ. ನನ್ನ ಬೆರಳು ಸರಿಯಾಗಿ ಬಿತ್ತೋ ಇಲ್ಲವೋ ಯಾರಪ್ಪ ನೋಡೋರು ಅಂದರೆ ಫೋನೇ ಇಟ್ಟುಬಿಟ್ಟ. ಅಲೆದು ಅಲೆದು ಸಾಕಾಯ್ತು ಕಣೇ. ಕೊನೆಗೆ ಹಲ್ಲಿನ ಕ್ಲಿನಿಕ್ಕಿನ ಮೇಲಿನ ರೂಮಿನಲ್ಲಿ ಈ ಒತ್ತೋದನ್ನ ಕಲಿಸೋ ಮೇಡಂ ಒಬ್ಬರು ಸಿಕ್ಕಿದರು. ನನ್ನ ಹೆಬ್ಬೆರಳು ಹಿಡಿದು ನೋಡಿ, "ಭಾನುವಾರ ಬನ್ನಿ" ಅಂದರು. ಮೆಟ್ಟಿಲ ಮೇಲೇ ಅತ್ತುಬಿಟ್ಟೆ.

ಗಂಟು ಒಂದು ಕಡೆ ಇರತ್ತೆ, ನೋವು ಇನ್ನೊಂದು ಕಡೆ ಕಾಣಿಸಿಕೊಳ್ಳತ್ತೆ ಅಂತ ಅಲ್ಲೇ ಕಲಿತೆ. ರಾತ್ರಿ ಅಂಗಡಿ ಮುಚ್ಚೋ ಮೊದಲು ಅವರದೇ ಕುರ್ಚಿಯಲ್ಲಿ, ಕನ್ನಡಿ ಎದುರು ಕೂರಿಸಿ ಒತ್ತುತ್ತೀನಿ. ನನ್ನ ಬಾಯಿ ನಿನಗೆ ಗೊತ್ತಲ್ಲ. "ಇಲ್ಲಿಯಾ? ಇಲ್ಲೇ ತಾನೆ?" ಅಂತ ಕೇಳ್ತಾನೇ ಇರ್ತೀನಿ. "ಹಾಂ, ಅಲ್ಲೇ ನೋಡು! ನಿನ್ನ ಕೈಯಲ್ಲಿ ಏನೋ ಇದೆ ಮಾರಾಯ್ತಿ" ಅಂತಾರೆ. ಬೆಳಿಗ್ಗೆ ನೋಡಿದರೆ ಕತ್ತರಿ ಮತ್ತೆ ನೆಲದ ಮೇಲೆ. ಏನು ಮಾಡಬೇಕೋ ದಿಕ್ಕೇ ತೋಚಲ್ಲ.

ಹೋದ ಭಾನುವಾರ ಮೇಡಂ ಕೈಲಿ ಬೈಸಿಕೊಂಡೆ. "ನೀವು ಕೇಳ್ತಿದ್ದೀರೋ, ಉತ್ತರ ಹೇಳಿಕೊಡ್ತಿದ್ದೀರೋ? ಬಾಯಿ ಮುಚ್ಚಿ ಒತ್ತಿ. ನಿಮ್ಮ ಕೈ ಅವರಿಗೆ ಕಾಣಲೂಬಾರದು. ಅವರಾಗೇ ‘ಅಲ್ಲಿ’ ಅನ್ನಬೇಕು" ಅಂದರು. ಕ್ಲಾಸಿನವರೆಲ್ಲ ನಕ್ಕರು, ನಾನೂ ನಕ್ಕೆ.

ನಿನ್ನ ಯಜಮಾನರಿಗೆ ಕೇಳಿದೆ ಅಂತ ಹೇಳು. ಮಕ್ಕಳು ನೂರು ಕಾಲ ಚೆನ್ನಾಗಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸೊರಗಬೇಡ.

ನಿನ್ನ
ಅಕ್ಕ

ಮತ್ತೆ: ಕಾಗದ ಮಡಿಚಿಟ್ಟವಳು ಪುನಃ ಬಿಚ್ಚಿದ್ದೀನಿ. ಒಂದು ಮಾತು ನುಂಗಿಕೊಂಡಿದ್ದೆ, ಒಳಗಿಳೀತಿಲ್ಲ.

ನಿನ್ನೆ ಮೇಡಂ ಹೇಳಿದ ಹಾಗೇ ಮಾಡಿದೆ. ಕುರ್ಚಿಯನ್ನ ಬಾಗಿಲ ಕಡೆ ತಿರುಗಿಸಿ, ಬಾಯಿ ಬಿಗಿಹಿಡಿದು, ಕಂಕುಳ ಹಿಂದಿನ ಗಂಟನ್ನ ಎರಡು ಬೆರಳಲ್ಲಿ ಹಿಡಿದು ಹಿಂಡಿದೆ. ಕ್ಲಾಸಿನಲ್ಲಿ ಅಷ್ಟು ಹಿಂಡಿದ್ದರೆ ಯಾರಾದರೂ ಕಿರುಚಿಕೊಳ್ಳೋರು. ಇವರು ಬೀದಿ ನೋಡ್ತಾ ಕೂತಿದ್ದರು. ನನ್ನ ಉಗುರು ಬೆಳ್ಳಗಾಯ್ತು.

"ಯಾಕೆ, ಇವತ್ತು ಶುರು ಮಾಡಲ್ವಾ?" ಅಂದರು.

ಆ ಕೈಗೆ ಸ್ಪರ್ಶವೇ ಇಲ್ಲ ಪುಟ್ಟಿ. ಇಷ್ಟು ದಿನ ಕನ್ನಡಿಯಲ್ಲಿ ನನ್ನ ಬೆರಳು ನೋಡಿ, ಅಲೆದು ಕಲಿತು ಬಂದಿದ್ದಾಳೆ ಪಾಪ ಅಂತ, "ಅಲ್ಲೇ, ಅಲ್ಲೇ" ಅಂತಿದ್ದರು. ಡಾಕ್ಟರಿಗೂ "ಹೆಂಡತಿ ಒತ್ತಿದ ಮೇಲೆ ಪರವಾಗಿಲ್ಲ" ಅಂದಿದ್ದಾರೆ. ದೊಡ್ಡ ಆಸ್ಪತ್ರೆಗೆ ಹೋಗೋಣ ಅನ್ನಬೇಕಾದರೆ ನನಗೆಲ್ಲ ಗೊತ್ತಾಯ್ತು ಅಂತಲೂ ಹೇಳಬೇಕು. ಬಾಯಿಬಡುಕಿ ನಾನು, ಆದರೂ ಅದನ್ನ ಹೇಳಿ ಅವರನ್ನ ಕುಗ್ಗಿಸಲಾರೆ. ಕುರ್ಚಿಯನ್ನ ಕನ್ನಡಿ ಕಡೆ ತಿರುಗಿಸಿ, ಈಗ ಶುರು ಮಾಡ್ತೀನಿ ಅಂದೆ.

"ಹಾಂ, ಅಲ್ಲೇ ನೋಡು" ಅಂದರು.

ನೀನು ಬಾರೇ.